ಅಧಿಕಾರ ಕೊಟ್ಟರೆ ಸಾಲದು, ಆದಾಯವೂ ಬೇಕು

ಒಂದು ಬೀದಿಯ ಚರಂಡಿ ಕಟ್ಟಿಕೊಂಡರೆ ಕಷ್ಟಪಡುವವರು ಆ ಬೀದಿಯವರು. ಮೇಲಿನ ರಾಜ್ಯ ನದಿಗೆ ಕೊಳಕು ಬಿಟ್ಟರೆ ಕಷ್ಟಪಡುವವರು ಕೆಳಗಿನ ರಾಜ್ಯದವರು, ಅವರಿಗೆ ಮೇಲಿನವರ ಚುನಾವಣೆಯಲ್ಲಿ ಮತವಿಲ್ಲ. ಹಾಗಾಗಿ ಕೇಂದ್ರ, ರಾಜ್ಯಗಳ ನಡುವೆ ಅಧಿಕಾರ ಹಂಚುವಾಗ ಒಂದು ಕೆಲಸದ ಲಾಭ ನಷ್ಟ ಎಲ್ಲಿಯವರೆಗೆ ಮುಟ್ಟುತ್ತದೋ ಅಷ್ಟನ್ನೂ ಒಳಗೊಳ್ಳುವ ಸರ್ಕಾರದ ಕೈಗೆ ಅದನ್ನು ಒಪ್ಪಿಸಬೇಕು. ಸೇನೆ, ನಾಣ್ಯ, ವಿದೇಶ ವ್ಯವಹಾರ ಕೇಂದ್ರಕ್ಕೆ ಹೋಗುವುದೂ ಶಾಲೆ, ಪೊಲೀಸು ಸಾಮಾನ್ಯವಾಗಿ ರಾಜ್ಯಗಳಲ್ಲಿ ಉಳಿಯುವುದೂ ಈ ಲೆಕ್ಕದಿಂದಲೇ.

ಕೇಂದ್ರಕ್ಕೆ ತೀರಾ ಕಡಿಮೆ ಕೊಟ್ಟರೆ ಏನಾಗುತ್ತದೆಂದು ಅಮೆರಿಕ ಬೇಗನೆ ಕಂಡುಕೊಂಡಿತು. 1781ರಲ್ಲಿ ಜಾರಿಗೆ ಬಂದ ಅದರ ಮೊದಲ ಒಡಂಬಡಿಕೆಯಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು 13 ರಾಜ್ಯಗಳ ಮುಂದೆ ಕೈಚಾಚಬೇಕಿತ್ತು, ಕೇಳಿದಷ್ಟು ಹಣ ಬರುತ್ತಿರಲಿಲ್ಲ. ಆಮದಿನ ಮೇಲೆ ಶೇ. 5 ಸುಂಕ ಹಾಕೋಣವೆಂದರೆ ಅದಕ್ಕೆ ಎಲ್ಲ ರಾಜ್ಯಗಳೂ ಒಪ್ಪಬೇಕು. 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಒಲ್ಲೆ ಎಂದಿತು, ಯೋಜನೆ ನೆಲಕಚ್ಚಿತು. 1787ರಲ್ಲಿ ಹೊಸ ಸಂವಿಧಾನವನ್ನೇ ಬರೆಯಬೇಕಾಯಿತು.

ಹಾಗಾದರೆ ಎಲ್ಲವೂ ಕೇಂದ್ರದಲ್ಲೇ ಇರಲಿ ಎನ್ನಬಹುದೇ? ಆಗ ಒಂದು ತಪ್ಪು ಕಾನೂನು ಇಡೀ ದೇಶಕ್ಕೆ ತಟ್ಟುತ್ತದೆ. ರಾಜ್ಯಗಳಿಗೆ ಬಿಟ್ಟುಕೊಟ್ಟರೆ ಒಂದು ಕಡೆ ಪ್ರಯೋಗ ಮಾಡಿ ನೋಡಬಹುದು. ಅಮೆರಿಕದಲ್ಲಿ ನಿರುದ್ಯೋಗ ವಿಮೆಯ ಕಾನೂನು ಮೊದಲು ಬಂದದ್ದು 1932ರಲ್ಲಿ, ವಿಸ್ಕಾನ್ಸಿನ್ ರಾಜ್ಯದಲ್ಲಿ. ದೇಶವ್ಯಾಪಿ ಕಾನೂನು ಬಂದದ್ದು 1935ರಲ್ಲಿ.

ಪ್ರಯೋಗಕ್ಕೂ ಮಿತಿಯಿದೆ. ಆಸ್ಟ್ರೇಲಿಯಾದಲ್ಲಿ ವಿಕ್ಟೋರಿಯಾ 1600 ಮಿ.ಮೀ. ಅಗಲದ ರೈಲುಹಳಿ ಹಾಕಿತು, ಪಕ್ಕದ ನ್ಯೂ ಸೌತ್ ವೇಲ್ಸ್ 1435 ಮಿ.ಮೀ. ಹಾಕಿತು. ಗಡಿಯ ಆಲ್ಬರಿಯಲ್ಲಿ ಪ್ರಯಾಣಿಕರು ಗಂಟುಮೂಟೆ ಸಮೇತ ಇಳಿದು ಬೇರೆ ರೈಲು ಹತ್ತಬೇಕಿತ್ತು. 1901ರಲ್ಲಿ ಒಕ್ಕೂಟವಾದ ಮೇಲೂ ಈ ಪಾಡು ತಪ್ಪಲಿಲ್ಲ. ಸಿಡ್ನಿ–ಮೆಲ್ಬರ್ನ್ ನಡುವೆ ಒಂದೇ ಅಳತೆಯ ಹಳಿ ಬಂದದ್ದು 1962ರಲ್ಲಿ.

ಕೊನೆಗೆ ಜಗಳವೆಲ್ಲ ದುಡ್ಡಿನದ್ದೇ. ಆದಾಯ ತೆರಿಗೆ, ಆಮದು ಸುಂಕಗಳನ್ನು ಕೇಂದ್ರ ಸುಲಭವಾಗಿ ವಸೂಲಿ ಮಾಡುತ್ತದೆ, ಆಸ್ಪತ್ರೆ, ಶಾಲೆಗಳ ಖರ್ಚು ರಾಜ್ಯಗಳ ತಲೆಗೆ ಬೀಳುತ್ತದೆ. ಈ ಅಂತರವನ್ನು ತುಂಬುವ ಅನುದಾನವನ್ನು ಕೇಂದ್ರದ ಮರ್ಜಿಗೆ ಬಿಟ್ಟರೆ, ಕಾಗದದ ಮೇಲೆ ರಾಜ್ಯದ್ದಾಗಿರುವ ಅಧಿಕಾರ ನಿಜದಲ್ಲಿ ಕೇಂದ್ರದ್ದಾಗುತ್ತದೆ. ರಾಜ್ಯದ ಕೊರತೆಯಷ್ಟನ್ನೂ ಕೇಂದ್ರ ತುಂಬಿಕೊಟ್ಟರೆ, ರಾಜ್ಯಕ್ಕೆ ತೆರಿಗೆ ವಸೂಲಿಯ ಉಸಾಬರಿಯೇ ಬೇಡವಾಗುತ್ತದೆ. ಆದ್ದರಿಂದ ಹಂಚಿಕೆಯ ಸೂತ್ರ ಎಣಿಸಬೇಕಾದದ್ದು ರಾಜ್ಯ ಎಷ್ಟು ವಸೂಲಿ ಮಾಡಿದೆ ಎಂಬುದನ್ನಲ್ಲ, ಸರಾಸರಿ ದರದಲ್ಲಿ ತೆರಿಗೆ ಹಾಕಿದ್ದರೆ ಎಷ್ಟು ವಸೂಲಾಗುತ್ತಿತ್ತು ಎಂಬುದನ್ನು. ಆಗ ತೆರಿಗೆ ಇಳಿಸಿದ ರಾಜ್ಯಕ್ಕೆ ಹೆಚ್ಚಿನ ಅನುದಾನ ಸಿಗುವುದಿಲ್ಲ.