ಜಮೀನನ್ನು ಅದರ ಕಷ್ಟದ ತಿಂಗಳಲ್ಲಿ ನೋಡಿ

"ಮೇಡಂ, ಜಾಗ ನೋಡಿಕೊಂಡು ಬಂದೆವು. ಮನೆಯವರಿಗೆಲ್ಲ ತುಂಬಾ ಇಷ್ಟವಾಗಿದೆ. ಅಡ್ವಾನ್ಸ್ ಕೊಡುವ ಮೊದಲು ನಿಮ್ಮನ್ನೊಂದು ಮಾತು ಕೇಳೋಣ ಅಂತ."

ಸಣ್ಣ ಜಮೀನು ಕೊಳ್ಳುವ ಕುಟುಂಬಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಹೆಚ್ಚಿನ ಫೋನುಗಳು ಹೀಗೇ ಶುರುವಾಗುತ್ತವೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ತಿಂಗಳಲ್ಲಿ ನೋಡಿದಿರಿ? ಉತ್ತರವೂ ಸಾಮಾನ್ಯವಾಗಿ ಒಂದೇ. ಮಳೆ ನಿಂತ ಹೊಸತರಲ್ಲಿ, ಬಾವಿ ತುಂಬಿ, ಎಲ್ಲೆಲ್ಲೂ ಹಸಿರಾಗಿದ್ದಾಗ. ಆಗ ಯಾವ ಜಾಗ ಚೆನ್ನಾಗಿ ಕಾಣುವುದಿಲ್ಲ ಹೇಳಿ? ನೀವು ಅಲ್ಲಿ ಬದುಕಬೇಕಾದದ್ದು ಹನ್ನೆರಡು ತಿಂಗಳು. ಅದರಲ್ಲಿ ಅತಿ ಕಷ್ಟದ ತಿಂಗಳು ಯಾವುದೋ, ಆ ತಿಂಗಳಲ್ಲಿ ಇನ್ನೊಮ್ಮೆ ಹೋಗಿ ನೋಡಿ. ಕೆಲವು ಕಡೆ ಅದು ಬಿರುಬೇಸಿಗೆ, ಕೆಲವು ಕಡೆ ಸುರಿಮಳೆ, ಇನ್ನು ಕೆಲವು ಕಡೆ ಕೊರೆಯುವ ಚಳಿ.

ಮೊದಲು ನೀರಿನ ಲೆಕ್ಕ ಮಾಡೋಣ. ನಾಲ್ಕು ಜನರ ಮನೆಗೆ ತಲೆಗೆ 100 ಲೀಟರ್ ಹಿಡಿದರೆ ದಿನಕ್ಕೆ 400 ಲೀಟರ್. ಹಾಲು ಕೊಡುವ ಎರಡು ಹಸುಗಳಿದ್ದರೆ ಕುಡಿಯಲು ಇನ್ನೊಂದು 150. ಇಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕಿರುತ್ತಾರೆ. ತೋಟದ ಲೆಕ್ಕವನ್ನು ಮಾತ್ರ ಬಿಟ್ಟಿರುತ್ತಾರೆ. ಬಿಸಿಲಿನ ದಿನ ತರಕಾರಿ ಮಡಿಯಿಂದ ಸುಮಾರು 5 ಮಿಲಿಮೀಟರ್‌ನಷ್ಟು ನೀರು ಆವಿಯಾಗಿ ಹೋಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸರಿಯಾಗಿ ಒಂದು ಲೀಟರ್. ಹಾಗಾದರೆ 500 ಚದರ ಮೀಟರ್ ತರಕಾರಿಗೆ ದಿನಕ್ಕೆ 2,500 ಲೀಟರ್ ಬೇಕು. ಇದು ಎಕರೆಯ ಎಂಟನೇ ಒಂದು ಭಾಗದ ಮಾತು ಅಷ್ಟೆ. ಮನೆ, ಕೊಟ್ಟಿಗೆ ಎರಡೂ ಸೇರಿ ಕುಡಿಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಈ ಸಣ್ಣ ಮಡಿಯೇ ಕುಡಿಯುತ್ತದೆ.

ಬಾವಿ ಅಥವಾ ಬೋರ್ ತೋರಿಸುವವರು ಹತ್ತು ನಿಮಿಷ ಪಂಪು ಹಾಕಿ ತೋರಿಸುತ್ತಾರೆ. ಅದು ಸಾಲದು. ಐದಾರು ಗಂಟೆ ಓಡಿಸಲು ಕೇಳಿಕೊಳ್ಳಿ. ಗಂಟೆಗೊಮ್ಮೆ 20 ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಅಂತ ಬರೆದಿಡಿ. ಆಮೇಲೆ ಪಂಪು ನಿಲ್ಲಿಸಿ, ನೀರು ಮತ್ತೆ ಮೊದಲಿನ ಮಟ್ಟಕ್ಕೆ ಏರಲು ಎಷ್ಟು ಹೊತ್ತು ಬೇಕು ನೋಡಿ. ನಿಮಿಷಕ್ಕೆ ಎರಡು ಲೀಟರ್ ಅಂದರೆ ಕಡಿಮೆ ಅನಿಸುತ್ತದೆ ಅಲ್ವಾ? ಅಷ್ಟು ನೀರು ಬಿಡದೆ ಊರುತ್ತಿದ್ದು, ಕೂಡಿಡಲು ತೊಟ್ಟಿ ಇದ್ದರೆ ದಿನಕ್ಕೆ 2,880 ಲೀಟರ್ ಆಯಿತು. ಮೇಲೆ ಹೇಳಿದ ಸಂಸಾರ ಹೆಚ್ಚುಕಡಿಮೆ ನಡೆಯುತ್ತದೆ. ಆದರೆ ಆ ಎರಡು ಲೀಟರ್ ಸಿಗಬೇಕಾದದ್ದು ಒಣ ತಿಂಗಳಲ್ಲಿ.

ನೀರನ್ನು ಲ್ಯಾಬಿಗೂ ಕಳಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಗಳು ಇವು: ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 10 ಮೈಕ್ರೋಗ್ರಾಂ. ಕಾಯಿಸಿದರೆ ಇವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವುಗಳ ಪ್ರಮಾಣ ಜಾಸ್ತಿಯೇ ಆಗುತ್ತದೆ. ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಕೂಸಿದ್ದರೆ ನೈಟ್ರೇಟ್ ವಿಷಯದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಅದು ಮಗುವಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಂದಿಸುತ್ತದೆ.

ಮಣ್ಣನ್ನು ನಾನು ಕೊನೆಗೆ ನೋಡುತ್ತೇನೆ ಅಂದರೆ ಕೆಲವರಿಗೆ ಬೇಸರವಾಗುತ್ತದೆ. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಕೃಷಿಕ ಪಿ. ಎ. ಯೋಮನ್ಸ್ ಜಮೀನಿನ ಸಂಗತಿಗಳನ್ನು ಒಂದು ಸಾಲಿನಲ್ಲಿ ಜೋಡಿಸಿದ್ದರು. ಬದಲಿಸಲು ಆಗದೇ ಇರುವುದು ಮೊದಲು, ಸುಲಭವಾಗಿ ಬದಲಿಸಬಹುದಾದದ್ದು ಕೊನೆಗೆ. ಹವೆ, ನೆಲದ ಏರಿಳಿತ, ನೀರು ಮುಂದೆ ಬರುತ್ತವೆ. ದಾರಿ, ಮರ, ಕಟ್ಟಡ, ಬೇಲಿ ಅವುಗಳ ಹಿಂದೆ. ಮಣ್ಣು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಗೊಬ್ಬರ ಹಾಕಿ, ಒಣ ಎಲೆ-ಹುಲ್ಲಿನ ಮುಚ್ಚಿಗೆ ಹಾಕಿ ಕೆಲವೇ ವರ್ಷಗಳಲ್ಲಿ ಅದನ್ನು ಸುಧಾರಿಸಬಹುದು. ಎಷ್ಟೋ ಜಮೀನುಗಳಲ್ಲಿ ಇದು ನಿಜವಾಗಿದ್ದನ್ನು ನಾನೇ ನೋಡಿದ್ದೇನೆ. ಆದರೆ ಮಣ್ಣಿನ ಆಳದ ಮಾತು ಬೇರೆ. ಮೂರು ಕಡೆ ಒಂದೊಂದು ಮೀಟರ್ ಗುಂಡಿ ತೋಡಿಸಿ. ಒಂದಡಿಗೇ ಬಂಡೆ ಸಿಕ್ಕಿದರೆ ಯಾವ ಗೊಬ್ಬರವೂ ನೆರವಾಗದು. ಗುಂಡಿಗೆ ನೀರು ತುಂಬಿಸಿ. ಮರುದಿನವೂ ನಿಂತೇ ಇದ್ದರೆ ಹಣ್ಣಿನ ಗಿಡಗಳ ಬೇರು ಅಲ್ಲಿ ಕೊಳೆಯುತ್ತದೆ. ಹಳೆಯ ಹಣ್ಣಿನ ತೋಟ ಕೊಳ್ಳುವವರು ಸೀಸ ಮತ್ತು ಆರ್ಸೆನಿಕ್‌ಗಾಗಿ ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಳೆದ ಶತಮಾನದ ಮೊದಲರ್ಧದಲ್ಲಿ ಹಲವು ದೇಶಗಳ ತೋಟಗಳಲ್ಲಿ ಸಿಂಪಡಿಸಿದ ಕೀಟನಾಶಕದಲ್ಲಿ ಇವೆರಡೂ ಇದ್ದವು. ಅವು ಮಣ್ಣು ಬಿಟ್ಟು ಹೋಗುವುದಿಲ್ಲ.

ಇಳಿಜಾರಿನ ತೀರಾ ತಗ್ಗಿನಲ್ಲಿ ಮನೆ ಬೇಡ. ರಾತ್ರಿ ತಣ್ಣನೆ ಗಾಳಿ ನೀರಿನ ಹಾಗೆ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಮಳೆ ನೀರೂ ಅಲ್ಲಿಗೇ ಬರುತ್ತದೆ. ರಸ್ತೆಯಿಂದ ಜಮೀನಿಗೆ ಬರುವ ದಾರಿಯ ಹಕ್ಕು ಕಾಗದದಲ್ಲಿ ಇದೆಯೇ ನೋಡಿ. ಬಾಯಿಮಾತು ನಂಬಿ ಕೊಳ್ಳಬೇಡಿ.

ಇನ್ನು ಮನುಷ್ಯರ ವಿಷಯ. ನನ್ನ ಅನುಭವದಲ್ಲಿ ಪಟ್ಟಣ ಬಿಟ್ಟು ಜಮೀನಿಗೆ ಹೋದವರು ವಾಪಸ್ ಬರುವುದು ಬೆಳೆ ಸೋತಿದ್ದಕ್ಕಿಂತ ಹೆಚ್ಚಾಗಿ ಆಸ್ಪತ್ರೆ, ಶಾಲೆಗಳು ದೂರವಾಗಿದ್ದಕ್ಕೆ. ಒಂದು ಕುಟುಂಬದ ಜಮೀನು ಬಹಳ ಚೆನ್ನಾಗಿತ್ತು, ನೀರೂ ಇತ್ತು. ಎರಡನೇ ವರ್ಷ ಮನೆಯ ಹಿರಿಯಮ್ಮನಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಆಸ್ಪತ್ರೆ 70 ಕಿಲೋಮೀಟರ್ ದೂರ. ಅಷ್ಟು ಪ್ರೀತಿಯಿಂದ ನೆಟ್ಟ ಗಿಡಗಳನ್ನು ಬಿಟ್ಟು ಅವರು ಪಟ್ಟಣಕ್ಕೆ ಹೊರಟಾಗ ನನಗೂ ಅಳು ಬಂದಿತ್ತು. ಆ ಜಾಗಕ್ಕೆ ಒಪ್ಪಿಗೆ ಕೊಟ್ಟಿದ್ದು ನಾನೇ. ಆಸ್ಪತ್ರೆ ಎಷ್ಟು ದೂರ ಅಂತ ನಾನು ಕೇಳಿರಲಿಲ್ಲ. ಈಗ ನೀರಿನಷ್ಟೇ ಗಟ್ಟಿಯಾಗಿ ಕೇಳುತ್ತೇನೆ.

ಶಾಲೆ 15 ಕಿಲೋಮೀಟರ್ ದೂರ ಅಂದುಕೊಳ್ಳಿ. ಬಿಟ್ಟು ಬರಲು 30, ಕರೆದು ತರಲು 30. ವರ್ಷಕ್ಕೆ 200 ದಿನ ಶಾಲೆ ಇದ್ದರೆ 12,000 ಕಿಲೋಮೀಟರ್ ಆಯಿತು. ಅಷ್ಟು ಹೊತ್ತು ಗಾಡಿ ಓಡಿಸುವವರು ತೋಟದ ಕೆಲಸ ಯಾವಾಗ ಮಾಡಬೇಕು? ಮಾರುಕಟ್ಟೆಗೂ ಇದೇ ಲೆಕ್ಕ. ಹಾಲು, ತರಕಾರಿಯಂಥ ಬೇಗ ಕೆಡುವ ಮಾಲು ಪಟ್ಟಣದ ಹತ್ತಿರ, ಧಾನ್ಯ ದೂರ, ಮೇಯಿಸುವ ದನ ಇನ್ನೂ ದೂರ ಅಂತ ಜರ್ಮನಿಯ ಅರ್ಥಶಾಸ್ತ್ರಜ್ಞ ಯೋಹಾನ್ ಫಾನ್ ಥ್ಯೂನೆನ್ 1826ರಲ್ಲೇ ವಿವರಿಸಿದ್ದರು. ಅವರೂ ಸ್ವಂತ ಜಮೀನು ನಡೆಸುತ್ತಿದ್ದವರು. ಈಗ ಶೀತಲ ಲಾರಿಗಳಿವೆ ನಿಜ. ಆದರೆ ನಾಲ್ಕು ಬುಟ್ಟಿ ಸೊಪ್ಪು ಮಾರುವವರಿಗೆ ಅವು ಸಿಗುವುದು ಕಷ್ಟ.

ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುವವರು ಯಾರು? ಬೆಳೆದ ಮಕ್ಕಳಿಗೆ ಗೆಳೆಯರು ಎಲ್ಲಿ ಸಿಗುತ್ತಾರೆ? ಇದನ್ನು ಮನೆಯಲ್ಲಿ ಬಾಯಿಬಿಟ್ಟು ಮಾತಾಡಿಕೊಳ್ಳಿ. ಜಾಗದ ಬಗ್ಗೆ ಯಾರಿಗೆ ಉತ್ಸಾಹ ಕಡಿಮೆಯೋ ಅವರ ಮಾತನ್ನು ನಾನು ಹೆಚ್ಚು ಹೊತ್ತು ಕೇಳುತ್ತೇನೆ. ಉಳಿದವರಿಗೆ ಕಾಣದ್ದು ಅವರಿಗೆ ಕಂಡಿರುತ್ತದೆ.

ಆಗುವುದಾದರೆ ಕೊಳ್ಳುವ ಮೊದಲು ಆ ಸೀಮೆಯಲ್ಲೇ ಒಂದು ವರ್ಷ ಬಾಡಿಗೆಗೆ ಇರಿ. ಮೊದಲು ಹೇಳಿದ ಫೋನಿನವರು ಬಿರುಬೇಸಿಗೆಯಲ್ಲಿ ಮತ್ತೆ ಹೋದಾಗ ಪಂಪು ಎರಡೇ ಗಂಟೆಯಲ್ಲಿ ನೀರು ಬಿಟ್ಟು ಗಾಳಿ ಎಳೆಯತೊಡಗಿತು. ಆ ಜಮೀನು ಬಿಟ್ಟರು, ಸೀಮೆ ಬಿಡಲಿಲ್ಲ. ಈಗ ಅಲ್ಲೇ ಬಾಡಿಗೆ ಮನೆಯಲ್ಲಿದ್ದಾರೆ. ಪ್ರತಿ ತಿಂಗಳ ಮೊದಲ ದಿನ ಅವರ ಮಗಳು ಹಗ್ಗಕ್ಕೆ ಕಲ್ಲು ಕಟ್ಟಿ ಅಕ್ಕಪಕ್ಕದ ಮೂರು ಬಾವಿಗಳ ನೀರು ಅಳೆದು ನನಗೆ ಬರೆದು ಕಳಿಸುತ್ತಾಳೆ.