ಆರೋಗ್ಯ ಕೇಂದ್ರದ ಒಳಾಂಗಣ: ನಕ್ಷೆಯನ್ನು ಕೂತು ನೋಡಿ, ಮಲಗಿ ನೋಡಿ

ಒಳಾಂಗಣ ವಿನ್ಯಾಸ ಕಲಿಯುವ ಸ್ಟುಡಿಯೋದಲ್ಲಿ ನನ್ನ ಮೊದಲ ಆರೋಗ್ಯ ಕೇಂದ್ರದ ನಕ್ಷೆಯನ್ನು ಹರಡಿದಾಗ ಮೇಷ್ಟ್ರು ಹೆಚ್ಚು ಮಾತಾಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಕಾಯುವ ಜಾಗದ ಒಂದು ಕುರ್ಚಿಯಿಂದ ಗೆರೆ ಎಳೆದರು. ಗೆರೆ ತಪಾಸಣಾ ಕೋಣೆಯ ಬಾಗಿಲು ದಾಟಿ ಸೀದಾ ಮಂಚದ ಮೇಲೆ ಹೋಗಿ ನಿಂತಿತು. "ಬಾಗಿಲು ತೆಗೆದಾಗ ಇಲ್ಲಿ ಮಲಗಿರುವವರ ಗತಿ ಏನು?" ಅಂದರು. ನನ್ನ ನಕ್ಷೆಯಲ್ಲಿ ಬಣ್ಣ ಇತ್ತು, ಗಿಡ ಇತ್ತು, ಕುರ್ಚಿಗಳ ನೆರಳು ಕೂಡ ಇತ್ತು. ಆ ಗೆರೆ ಮಾತ್ರ ನನಗೆ ಹೊಳೆದಿರಲಿಲ್ಲ.

ಅವತ್ತಿನಿಂದ ನಾನು ಇಟ್ಟುಕೊಂಡಿರುವ ಅಭ್ಯಾಸ ಒಂದೇ. ನಕ್ಷೆಯನ್ನು ನಾವು ಮೇಲಿಂದ ನೋಡುತ್ತೇವೆ, ಒಳಗೆ ಬರುವವರು ಯಾರೂ ಮೇಲಿಂದ ನೋಡುವುದಿಲ್ಲ. ಹಾಗಾಗಿ ಪ್ರತಿ ಕೋಣೆಯಲ್ಲೂ ಅವರು ಕೂರುವ ಕಡೆ ಕೂತು, ಮಲಗುವ ಕಡೆ ಮಲಗಿ ನೋಡುವುದು. ಕಣ್ಣು ಎಲ್ಲಿರುತ್ತದೆ, ಕಿವಿಗೆ ಏನು ಬೀಳುತ್ತದೆ, ಕೈಗೆ ಏನು ಸಿಗುತ್ತದೆ. ಮುಂದಿನ ಟಿಪ್ಪಣಿಯೆಲ್ಲ ಇದೇ ದಾರಿಯಲ್ಲಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾನು ಹೇಳುತ್ತಿರುವ ಆರೋಗ್ಯ ಕೇಂದ್ರ ಅಂದರೆ ಪುಟ್ಟ ಆಸ್ಪತ್ರೆ ಅಲ್ಲ. ಇಲ್ಲಿಗೆ ಬರುವ ಎಷ್ಟೋ ಜನರಿಗೆ ಕಾಯಿಲೆಯೇ ಇರುವುದಿಲ್ಲ. ಮಗುವಿಗೆ ಲಸಿಕೆ ಹಾಕಿಸಲು ಬಂದವರು, ಬಿಪಿ ನೋಡಿಸಿಕೊಳ್ಳುವವರು, ವ್ಯಾಯಾಮದ ತರಗತಿಗೆ ಬಂದವರು, ಮನಸ್ಸು ಸರಿಯಿಲ್ಲ ಅಂತ ಯಾರ ಹತ್ತಿರವಾದರೂ ಮಾತಾಡಲು ಬಂದವರು. ಕೆಮ್ಮುವವರೂ ಕುಣಿಯುವವರೂ ಒಂದೇ ಬಾಗಿಲಲ್ಲಿ ಬರುತ್ತಾರೆ. ಒಳಾಂಗಣದ ಕಷ್ಟವೆಲ್ಲ ಇಲ್ಲೇ ಇರುವುದು.

ಇದನ್ನು ತುಂಬಾ ಹಿಂದೆಯೇ ಅರ್ಥ ಮಾಡಿಕೊಂಡ ಕಟ್ಟಡ ಲಂಡನ್ನಿನ ಪೆಕಮ್‌ನಲ್ಲಿದೆ. ಜಾರ್ಜ್ ಸ್ಕಾಟ್ ವಿಲಿಯಮ್ಸನ್ ಮತ್ತು ಇನ್ನೆಸ್ ಪಿಯರ್ಸ್ ಎಂಬ ಇಬ್ಬರು ವೈದ್ಯರು 1926ರಲ್ಲಿ ಶುರು ಮಾಡಿದ ಪ್ರಯೋಗಕ್ಕೆ 1935ರಲ್ಲಿ ಓವೆನ್ ವಿಲಿಯಮ್ಸ್ ಕಟ್ಟಡ ಕಟ್ಟಿಕೊಟ್ಟರು. ನಡುವೆ ಈಜುಕೊಳ, ಅದರ ಸುತ್ತ ಗಾಜು. ಕ್ಯಾಂಟೀನಿನಲ್ಲಿ ಕೂತವರಿಗೆ ಈಜುವವರು ಕಾಣುತ್ತಿದ್ದರು. ಬೇರೆಯವರು ಆಡುವುದನ್ನು ನೋಡಿದರೆ ತಾವೂ ಶುರು ಮಾಡುತ್ತಾರೆ ಅನ್ನುವುದು ವೈದ್ಯರ ಲೆಕ್ಕ. ಕೇಂದ್ರ 1950ರಲ್ಲಿ ಮುಚ್ಚಿತು. ಆದರೆ ಆ ಗಾಜಿನ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ: ವ್ಯಾಯಾಮದ ಹಾಲನ್ನು ಕಾಯುವವರ ಕಣ್ಣಿಗೆ ಕಾಣುವ ಹಾಗೆ ಇಡಿ, ತಪಾಸಣಾ ಕೋಣೆಯನ್ನು ಕಾಣದ ಹಾಗೆ ಇಡಿ. ಹಾಲಿನ ಗಾಜಿಗೆ ಬೇಕೆಂದಾಗ ಎಳೆಯುವ ಪರದೆ ಇರಲಿ, ಎಲ್ಲರಿಗೂ ನೋಡಿಸಿಕೊಳ್ಳುವುದು ಇಷ್ಟವಾಗುವುದಿಲ್ಲ.

ಬಾಗಿಲು, ಕೌಂಟರ್, ಕುರ್ಚಿ

ಒಳಗೆ ಕಾಲಿಟ್ಟ ಕೂಡಲೇ ಎಲ್ಲಿಗೆ ಹೋಗಬೇಕು ಅನ್ನುವುದು ಬೋರ್ಡ್ ಓದದೆಯೇ ತಿಳಿಯಬೇಕು. ಕೌಂಟರಿನ ಒಂದು ಭಾಗ ಸುಮಾರು 75 ಸೆಂಟಿಮೀಟರ್ ಎತ್ತರಕ್ಕೆ ಇಳಿದಿರಲಿ, ಅದರ ಕೆಳಗೆ ಮಂಡಿ ತೂರುವಷ್ಟು ಖಾಲಿ ಜಾಗ ಇರಲಿ. ಗಾಲಿಕುರ್ಚಿಯಲ್ಲಿ ಬಂದವರು ಆಗ ಎದುರಿಗೇ ಬಂದು ಮಾತಾಡಬಹುದು, ಪಕ್ಕಕ್ಕೆ ತಿರುಗಿ ಕತ್ತು ಚಾಚಬೇಕಿಲ್ಲ. ಗಾಲಿಕುರ್ಚಿ ಪೂರ್ತಿ ತಿರುಗಲು 150 ಸೆಂಟಿಮೀಟರ್ ವ್ಯಾಸದ ವೃತ್ತ ಬೇಕು, ಬಾಗಿಲಿಗೆ 90 ಸೆಂಟಿಮೀಟರ್ ಖಾಲಿ ಅಗಲ ಇದ್ದರೆ ಆರಾಮ, ಇಳಿಜಾರು 1:12ಕ್ಕಿಂತ, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರುವುದಕ್ಕಿಂತ, ಕಡಿದಾಗಿರಬಾರದು. ಈ ಮೂರು ಅಳತೆಗಳನ್ನು ಬಾಯಿಪಾಠ ಮಾಡಿಬಿಡಿ, ದಿನಾ ಬೇಕಾಗುತ್ತವೆ.

ಕುರ್ಚಿಯ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಕೂತಲ್ಲಿಂದ ಏಳುವಾಗ ನೀವೇ ಗಮನಿಸಿ: ಮೊದಲು ಪಾದ ಹಿಂದಕ್ಕೆ ಹೋಗುತ್ತದೆ, ಕುರ್ಚಿಯ ಕೆಳಗೆ. ಆಮೇಲೆ ಮೈ ಮುಂದಕ್ಕೆ ಬಾಗುತ್ತದೆ. ಕೈ ಆಸರೆ ಒತ್ತುತ್ತದೆ. ಸೋಫಾ ಥರ ಮುಂಭಾಗ ಮುಚ್ಚಿದ ಆಸನದಲ್ಲಿ ಪಾದ ಹಿಂದೆ ಹೋಗಲು ಜಾಗವೇ ಇಲ್ಲ. ಮಂಡಿ ನೋವಿರುವವರು ಅದರಲ್ಲಿ ಸಿಕ್ಕಿಬೀಳುತ್ತಾರೆ. ಆದ್ದರಿಂದ ಕೆಳಗೆ ಖಾಲಿ ಇರುವ, ಕೈಯಾಸರೆ ಆಸನದ ಮುಂತುದಿಯವರೆಗೂ ಬರುವ ಕುರ್ಚಿ ಬೇಕು. ಸಾಮಾನ್ಯ ಎತ್ತರ 43ರಿಂದ 46 ಸೆಂಟಿಮೀಟರ್. ವಯಸ್ಸಾದವರಿಗೆ ಇನ್ನು ಕೊಂಚ ಎತ್ತರದವೂ ಕೆಲವು ಇರಲಿ. ಕೈಯಾಸರೆ ಇಲ್ಲದ ಅಗಲ ಆಸನಗಳೂ ಬೇಕು, ದೊಡ್ಡ ಮೈಯವರು ಕೂರಬೇಕಲ್ವಾ. ಸಾಲಿನ ಮಧ್ಯೆ ಅಲ್ಲಲ್ಲಿ ಒಂದು ಕುರ್ಚಿಯಷ್ಟು ಜಾಗ ಬಿಡಿ. ಗಾಲಿಕುರ್ಚಿಯವರು ದಾರಿಯಲ್ಲಿ ಅಡ್ಡ ನಿಲ್ಲದೆ ತಮ್ಮವರ ಪಕ್ಕದಲ್ಲೇ ಇರಬಹುದು.

ಕುರ್ಚಿ ಜೋಡಿಸುವುದರ ಬಗ್ಗೆ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ 1957ರಲ್ಲಿ ಎರಡು ಪದ ಕೊಟ್ಟ: ಸೋಶಿಯೋಫ್ಯೂಗಲ್, ಸೋಶಿಯೋಪೆಟಲ್. ಮೊದಲನೆಯದು ಜನರನ್ನು ದೂರ ಮಾಡುವ ಜಾಗ, ಎರಡನೆಯದು ಹತ್ತಿರ ತರುವ ಜಾಗ. ಕೆನಡಾದ ಒಂದು ವೃದ್ಧರ ವಾರ್ಡಿನಲ್ಲಿ ಗೋಡೆಗೆ ಒತ್ತಿಕೊಂಡಿದ್ದ ಕುರ್ಚಿಗಳನ್ನು ಮೇಜಿನ ಸುತ್ತ ಇಟ್ಟಾಗ ಮಾತುಕತೆ ಹೆಚ್ಚುಕಮ್ಮಿ ಇಮ್ಮಡಿಯಾಯಿತು ಅಂತ ಅವನ ಜೊತೆ ಕೆಲಸ ಮಾಡಿದ ರಾಬರ್ಟ್ ಸೋಮರ್ ತೋರಿಸಿದ. ಇದನ್ನು ಓದಿ ನಾವೆಲ್ಲ ಕಾಯುವ ಜಾಗದ ತುಂಬಾ ದುಂಡು ಮೇಜು ಹಾಕಿಬಿಡುತ್ತೇವೆ. ನನಗೆ ಅದು ಸರಿ ಕಾಣುವುದಿಲ್ಲ. ರಿಪೋರ್ಟ್ ಏನಾಗಿದೆಯೋ ಅಂತ ಎದೆ ಡವಗುಟ್ಟುತ್ತಿರುವವರಿಗೆ ಎದುರು ಮುಖ ಬೇಡ, ಒಂದು ಮೂಲೆ ಬೇಕು. ಎರಡೂ ಥರ ಇಟ್ಟು ಆಯ್ಕೆ ಅವರಿಗೇ ಬಿಡಿ.

ಕೆಮ್ಮುವವರ ಸಾಲು ಕಿಟಕಿಯ ಪಕ್ಕ ಇರಲಿ, ಗಾಳಿ ಅಲ್ಲಿಂದ ಹೊರಗೆ ಹೋಗುವ ಹಾಗೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಸಹಜ ಗಾಳಿಯನ್ನೇ ನಂಬಿದ ಹೊರರೋಗಿ ವಿಭಾಗಗಳಿಗೆ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್ ಗಾಳಿ ಹೇಳುತ್ತದೆ. ಒಂದೇ ಬದಿಯ ಕಿಟಕಿಯಿಂದ ಅಷ್ಟು ಬರುವುದು ಕಷ್ಟ. ಎದುರು ಬದಿಯಲ್ಲೂ ತೆರೆದ ಜಾಗ ಬೇಕು.

ತಪಾಸಣಾ ಕೋಣೆ

ಸುಮಾರು 3 ಮೀಟರ್ ಅಗಲ, 4 ಮೀಟರ್ ಉದ್ದ. ಇಷ್ಟೇ ಜಾಗ, ಆದರೆ ಇಡೀ ಕಟ್ಟಡದಲ್ಲಿ ಜಾಸ್ತಿ ಯೋಚನೆ ಬೇಡುವುದು ಇದೇ.

ನನ್ನ ಮಾನ ಕಳೆದ ಬಾಗಿಲಿನಿಂದಲೇ ಶುರು ಮಾಡುತ್ತೇನೆ. ಕೀಲು ಮಂಚದ ಕಡೆ ಇರಲಿ, ಬಾಗಿಲು ಒಳಕ್ಕೆ ತೆರೆಯಲಿ. ಅರ್ಧ ತೆರೆದಾಗ ಹಲಗೆಯೇ ಮಂಚಕ್ಕೆ ಮರೆಯಾಗುತ್ತದೆ. ಇಣುಕಿದವರಿಗೆ ಮೊದಲು ಕಾಣುವುದು ವೈದ್ಯರ ಮೇಜು. ಜೊತೆಗೆ ಮಂಚದ ಸುತ್ತ ಒಂದು ಪರದೆ. ಬಟ್ಟೆ ಬಿಚ್ಚುವ ಜಾಗ ಪರದೆಯ ಒಳಗೇ ಬರಬೇಕು, ಒಂದು ಕುರ್ಚಿ ಮತ್ತು ಎರಡು ಕೊಕ್ಕೆ ಸಮೇತ. ಕೊಕ್ಕೆ ಮರೆತರೆ ಜನ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮಲಗುತ್ತಾರೆ.

ಇನ್ನೊಂದು ವಿಷಯ ಸುಲಭಕ್ಕೆ ಹೊಳೆಯುವುದಿಲ್ಲ. ವೈದ್ಯರು ರೂಢಿಯಂತೆ ರೋಗಿಯ ಬಲಗಡೆ ನಿಂತು ಪರೀಕ್ಷೆ ಮಾಡುತ್ತಾರೆ. ಅಂದರೆ ಮಲಗಿದವರ ಬಲಬದಿ ಖಾಲಿ ಇರಬೇಕು, ಎಡಬದಿ ಗೋಡೆಗೆ ಹತ್ತಿರ ಇದ್ದರೂ ನಡೆಯುತ್ತದೆ. ನಾವೇನು ಮಾಡುತ್ತೇವೆ? ಒಂದು ಕೋಣೆ ಚೆನ್ನಾಗಿ ಬಿಡಿಸಿ, ಪಕ್ಕದ್ದಕ್ಕೆ ಕಂಪ್ಯೂಟರಿನಲ್ಲಿ ಮಿರರ್ ಒತ್ತುತ್ತೇವೆ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಬಿಡುತ್ತದೆ. ಎರಡು ಕೋಣೆಯ ನಲ್ಲಿಗಳು ಬೆನ್ನಿಗೆ ಬೆನ್ನು ಬಂದು ಪೈಪು ಉಳಿಯಿತು ಅಂತ ಖುಷಿ. ಆದರೆ ತಿರುಗಿಸಿದ ಕೋಣೆಯಲ್ಲಿ ಬಲಬದಿ ಗೋಡೆಗೆ ಹೋಗಿರುತ್ತದೆ! ಅಲ್ಲಿನ ವೈದ್ಯರು ಒಂದೋ ಎಡಗಡೆಯಿಂದ ಒದ್ದಾಡಬೇಕು, ಇಲ್ಲವೇ ಮಂಚವನ್ನೇ ತಿರುಗಿಸಬೇಕು. ಮಿರರ್ ಬೇಡ, ಕಾಪಿ ಮಾಡಿ. ಎಲ್ಲ ಕೋಣೆಗಳ ಎಡಬಲವೂ ಒಂದೇ ಥರ ಇರಲಿ. ಯಾವ ಕೋಣೆಗೆ ಹೋದರೂ ಕೈಗವಸಿನ ಡಬ್ಬ ಅದೇ ಜಾಗದಲ್ಲಿ ಸಿಗುತ್ತದೆ ಅನ್ನುವುದು ಹೆಚ್ಚಿನ ಲಾಭ.

ಕಂಪ್ಯೂಟರ್ ಪರದೆ ವೈದ್ಯರಿಗೂ ರೋಗಿಗೂ ಒಟ್ಟಿಗೆ ಕಾಣುವ ಹಾಗೆ ಮೂರು ಮೂಲೆಯ ಜೋಡಣೆ ಮಾಡಿ. ಬೆನ್ನು ತೋರಿಸಿ ಟೈಪ್ ಮಾಡುವವರ ಹತ್ತಿರ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡುತ್ತಾರೆ? ಕೈ ತೊಳೆಯುವ ಬೇಸಿನ್ ಬಾಗಿಲಿನಿಂದ ಮಂಚಕ್ಕೆ ಹೋಗುವ ದಾರಿಯಲ್ಲೇ ಕಣ್ಣಿಗೆ ಬೀಳಲಿ. ನಲ್ಲಿಯ ಧಾರೆ ನೇರವಾಗಿ ಕೆಳಗಿನ ತೂತಿಗೆ ಬೀಳಬಾರದು, ಅಲ್ಲಿ ಕೂತ ಸೂಕ್ಷ್ಮಜೀವಿಗಳು ಸಿಡಿಯುತ್ತವೆ. ಮೊಣಕೈಯಲ್ಲಿ ತಿರುಗಿಸುವ ಇಲ್ಲವೇ ಸೆನ್ಸರ್ ನಲ್ಲಿ ಒಳ್ಳೆಯದು.

ಬೆಳಕು. ಅದನ್ನು ಅಳೆಯುವುದು ಲಕ್ಸ್‌ನಲ್ಲಿ. ಕೋಣೆಗೆ ಸಾಮಾನ್ಯವಾಗಿ 500 ಲಕ್ಸ್, ಪರೀಕ್ಷೆ ಮಾಡುವ ಜಾಗಕ್ಕೆ 1000, ಕಾಯುವ ಜಾಗಕ್ಕೆ 200 ಸಾಕು. ಲಕ್ಸ್‌ನಷ್ಟೇ ಮುಖ್ಯ ಬಣ್ಣ ತೋರಿಸುವ ಗುಣ, ಅಂದರೆ ಸಿಆರ್‌ಐ. ಅದು 90ಕ್ಕಿಂತ ಕಡಿಮೆ ಇರಬಾರದು. ಕಾಮಾಲೆಯ ಹಳದಿಯನ್ನು ಕಣ್ಣಲ್ಲಿ ನೋಡಿ ಹೇಳಬೇಕಾದ ಕಡೆ ಹಳದಿ ದೀಪ ಹಾಕಿದರೆ ಏನು ಕಾಣುತ್ತದೆ? ಗೋಡೆಗೆ ಹಚ್ಚಿದ ಗಾಢ ಬಣ್ಣ ಕೂಡ ಚರ್ಮದ ಮೇಲೆ ಬಿದ್ದು ಮೋಸ ಮಾಡುತ್ತದೆ. ಬಣ್ಣದ ಆಸೆಯನ್ನು ಕಾರಿಡಾರಿನಲ್ಲಿ ತೀರಿಸಿಕೊಳ್ಳಿ.

ಮಲಗಿದವರ ಕಣ್ಣು ಚಾವಣಿಯಲ್ಲಿರುತ್ತದೆ ಅನ್ನುವುದನ್ನು ಕಲಿಯಲು ಫಿನ್ಲೆಂಡಿನ ಪೈಮಿಯೋ ಕ್ಷಯರೋಗ ಆಸ್ಪತ್ರೆಗಿಂತ ಒಳ್ಳೆಯ ಪಾಠವಿಲ್ಲ. 1933ರಲ್ಲಿ ಮುಗಿದ ಕಟ್ಟಡ, ಆಲ್ವಾರ್ ಆಲ್ಟೋನದು. ರೋಗಿಗಳ ಕೋಣೆಯ ಚಾವಣಿಗೆ ಗಾಢ ಹಸಿರು, ದೀಪದ ಪ್ರಖರತೆ ಮಲಗಿದವರ ಕಣ್ಣಿಗೆ ಬೀಳದಂತೆ ಜಾಗ, ನೀರು ಬಿದ್ದರೂ ಸದ್ದಾಗದಂತೆ ಓರೆ ಇಟ್ಟ ಬೇಸಿನ್. ಬಾಗಿಲ ಹಿಡಿ ಕೂಡ ವೈದ್ಯರ ಕೋಟಿನ ತೋಳು ಸಿಕ್ಕಿಕೊಳ್ಳದ ಆಕಾರದಲ್ಲಿದೆ.

ಕಿಟಕಿಯ ನೋಟದ ಬಗ್ಗೆ ಬರೆಯುವಾಗ ಎಲ್ಲರೂ ರೋಜರ್ ಉಲ್ರಿಚ್‌ನ 1984ರ ಅಧ್ಯಯನ ಹೇಳುತ್ತಾರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ಜನ. ಅರ್ಧ ಜನರಿಗೆ ಕಿಟಕಿಯಲ್ಲಿ ಮರ, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಬಲವಾದ ನೋವಿನ ಮದ್ದೂ ಮರದವರಿಗೆ ಕಡಿಮೆ ಬೇಕಾಯಿತು. ಉತ್ತರ ಪತ್ರಿಕೆಯಲ್ಲಿ ಬರೆಯಿರಿ, ಆದರೆ ಜೋಪಾನ. ಅವರು ಒಂದು ವಾರಕ್ಕೂ ಹೆಚ್ಚು ಮಲಗಿದ್ದವರು. ನಮ್ಮ ಕೇಂದ್ರಕ್ಕೆ ಬರುವವರು ಅರ್ಧ ಗಂಟೆ ಇದ್ದು ಹೋಗುತ್ತಾರೆ. ಮರ ಕಾಣುವಂತೆ ಮಾಡಿ, ಗುಣವಾಗುತ್ತದೆ ಅಂತ ಮಾತು ಕೊಡಬೇಡಿ.

ಸದ್ದು

ಕಾಯುವ ಜಾಗದಲ್ಲಿ ಕೂತಾಗ ಒಳಗಿನ ಮಾತು ಕೇಳಿಸಿದರೆ ಮುಂದಿನ ಸರದಿ ನಮ್ಮದಾದಾಗ ನಾವೂ ಬಾಯಿ ಬಿಡುವುದಿಲ್ಲ. ಸದ್ದು ಸೋರುವುದು ಎಲ್ಲಿ? ಮೊದಲನೆಯ ಕಳ್ಳದಾರಿ ಫಾಲ್ಸ್ ಸೀಲಿಂಗ್. ನಡುಗೋಡೆ ಅಲ್ಲಿಗೇ ನಿಂತರೆ ಮಾತು ಮೇಲಿಂದ ಹತ್ತಿ ಪಕ್ಕದ ಕೋಣೆಗೆ ಇಳಿಯುತ್ತದೆ. ಗೋಡೆ ಸ್ಲ್ಯಾಬಿನ ತಳ ಮುಟ್ಟಲೇಬೇಕು. ಎರಡನೆಯದು ಬಾಗಿಲ ಕೆಳಗಿನ ಸಂದು. ಮೂರನೆಯದು ಗೋಡೆಯ ಎರಡೂ ಬದಿಯಲ್ಲಿ ಒಂದೇ ಜಾಗಕ್ಕೆ ಬರುವ ಸ್ವಿಚ್ ಬಾಕ್ಸು. ದುಬಾರಿ ಗೋಡೆ ಕಟ್ಟಿ ಈ ಮೂರನ್ನು ಬಿಟ್ಟರೆ ಸುಮ್ನೆ ದುಡ್ಡು ದಂಡ. ಒಬ್ಬರು ಮೃದುವಾಗಿ ಟಿವಿ ಹಾಕಿ ಸದ್ದು ಮುಚ್ಚೋಣ ಅಂದರು. ಕಿವಿ ಮಂದ ಇರುವವರು ತಮ್ಮ ಹೆಸರು ಕರೆದದ್ದೇ ಕೇಳಿಸದೆ ಕೂತಿರುತ್ತಾರೆ, ಅದು ಬೇಡ.

ಆಪ್ತಸಲಹೆಯ ಕೋಣೆಗೆ ಸದ್ದಿನ ಜೊತೆ ಇನ್ನೆರಡು ಮಾತು. ಕುರ್ಚಿಗಳು ಎದುರುಬದುರು ಬೇಡ, ಸ್ವಲ್ಪ ಓರೆಯಾಗಿರಲಿ. ಕಣ್ಣು ತಪ್ಪಿಸಿಕೊಳ್ಳಬೇಕೆನಿಸಿದಾಗ ನೋಡಲು ಒಂದು ದಿಕ್ಕು ಬೇಕು. ಸಾಧ್ಯವಾದರೆ ಹೊರಗೆ ಹೋಗಲು ಬೇರೆ ದಾರಿ ಕೊಡಿ. ಅತ್ತು ಕಣ್ಣೊರೆಸಿಕೊಂಡವರು ತುಂಬಿದ ಕಾಯುವ ಜಾಗ ದಾಟಿ ಹೋಗುವಂತಾಗಬಾರದು. ಮೇಲಿನ ಮಹಡಿಯಲ್ಲಿ ವ್ಯಾಯಾಮದ ಹಾಲ್ ಬರದಂತೆ ನೋಡಿಕೊಳ್ಳಿ, ನೆಗೆತದ ಸದ್ದನ್ನು ಚಾವಣಿ ತಡೆಯುವುದಿಲ್ಲ.

1996ರಲ್ಲಿ ಎಡಿನ್‌ಬರೋದಲ್ಲಿ ಶುರುವಾದ ಮ್ಯಾಗೀಸ್ ಕ್ಯಾನ್ಸರ್ ಕೇಂದ್ರಗಳಲ್ಲಿ ರಿಸೆಪ್ಷನ್ ಕೌಂಟರೇ ಇಲ್ಲ, ನಡುವೆ ಅಡುಗೆಮನೆಯ ಮೇಜಿದೆ. ಅಲ್ಲಿನ ಟಾಯ್ಲೆಟ್ಟುಗಳನ್ನು ಒಳಗೆ ನಿಂತು ಅಳಬಹುದಾದಷ್ಟು ಏಕಾಂತ ಇರುವ ಹಾಗೆ ಮಾಡುತ್ತಾರೆ. ಕೆಳಗೆ ಸಂದು ಬಿಟ್ಟ ಬಾಗಿಲುಗಳಿಲ್ಲ. ನಮ್ಮ ಟಾಯ್ಲೆಟ್ ಅಧ್ಯಾಯ ಬರೀ ಟೈಲ್ಸು, ಹಿಡಿಕಂಬಿಯಲ್ಲೇ ಮುಗಿಯುತ್ತದೆ, ಇದನ್ನೂ ಸೇರಿಸಿಕೊಳ್ಳಿ. ಅಂದಹಾಗೆ ಟಾಯ್ಲೆಟ್ ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಸರಿಯಬೇಕು. ಒಳಗೆ ಬಿದ್ದವರ ಮೈಯೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗುತ್ತದೆ.

ನೆಲ, ಹಾಲ್, ಉಗ್ರಾಣ

ಹೊಳೆಯುವ ನೆಲ ಫೋಟೋಗೆ ಚೆಂದ. ಮರೆವಿನ ಕಾಯಿಲೆ ಇರುವವರಿಗೆ ಅದು ನೀರು ನಿಂತ ಹಾಗೆ ಕಾಣಬಹುದು, ಕಪ್ಪು ಕಾಲೊರಸು ಗುಂಡಿಯ ಹಾಗೆ. ಅವರು ಅಲ್ಲೇ ನಿಂತುಬಿಡುತ್ತಾರೆ. ಮಂಕು ಹೊಳಪಿನ, ಒಂದೇ ಬಣ್ಣದ ನೆಲ ಹಾಕಿ. ಗೋಡೆಗೂ ನೆಲಕ್ಕೂ ಬಣ್ಣದ ವ್ಯತ್ಯಾಸ ಎದ್ದು ಕಾಣಲಿ. ತಪಾಸಣೆಯ ಕಡೆ ವಿನೈಲ್ ಎಂಬ ಪ್ಲಾಸ್ಟಿಕ್ ಹಾಸು ಹಾಕಿದರೆ ಅದನ್ನು ಗೋಡೆಯ ಮೇಲೆ 10 ಸೆಂಟಿಮೀಟರ್ ಬಾಗಿಸಿ ಏರಿಸಿ, ಮೂಲೆಯಲ್ಲಿ ಕೊಳೆ ಕೂರುವುದಿಲ್ಲ.

ವ್ಯಾಯಾಮದ ಹಾಲಿಗೆ ಒಂದು ಚಾಪೆಗೆ ಸುಮಾರು 3 ಚದರ ಮೀಟರ್ ಲೆಕ್ಕ ಹಿಡಿಯಿರಿ. ಚಾಪೆ, ಚೆಂಡು ಇಡಲು ಉಗ್ರಾಣ ಅಂಟಿಕೊಂಡೇ ಇರಲಿ. ಉಗ್ರಾಣ ಕಡಿಮೆಯಾದ ಕಟ್ಟಡದಲ್ಲಿ ಸಾಮಾನು ಕಾರಿಡಾರಿಗೆ ಬರುತ್ತದೆ, ನಾವು ಬಿಟ್ಟ 150 ಸೆಂಟಿಮೀಟರಿನ ವೃತ್ತ ಅಲ್ಲಿಗೆ ಮುಗಿಯಿತು.

ನಕ್ಷೆ ಒಪ್ಪಿಸುವ ಮೊದಲು ತಪಾಸಣಾ ಕೋಣೆಯನ್ನು ನೆಲದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ನಿಜ ಅಳತೆಗೇ ಬಿಡಿಸಿ. ಒಬ್ಬರು ಮಂಚದ ಜಾಗದಲ್ಲಿ ಮಲಗಿ, ಇನ್ನೊಬ್ಬರು ಬಾಗಿಲು ತೆರೆದ ಹಾಗೆ ಮಾಡಿ, ಮತ್ತೊಬ್ಬರು ಕಾಯುವವರ ಕುರ್ಚಿಯಲ್ಲಿ ಕೂರಲಿ. ಮೂವರೂ ತಮಗೆ ಏನು ಕಂಡಿತು ಅಂತ ಬರೆದುಕೊಳ್ಳಲಿ. ನಾವು ಹೀಗೆ ಮಾಡಿದಾಗ ಎರಡನೇ ಸಲ ಮಂಚದ ಜಾಗದಲ್ಲಿ ನಾನೇ ಮಲಗಿದೆ. ಕುರ್ಚಿಯವರಿಗೆ ನಾನು ಕಾಣಲಿಲ್ಲ. ನನಗೆ ಮಾತ್ರ ಕಣ್ಣಿಗೆ ಚುಚ್ಚುವ ಟ್ಯೂಬ್‌ಲೈಟ್ ಕಂಡಿತು. ದೀಪದ ಜಾಗ ಮತ್ತೆ ಅಳಿಸಿ ಬಿಡಿಸಿದೆ.