ಎರಡೂ ಕಡೆ ಸಿಂಹ ಇರುವ 5 ರೂಪಾಯಿಗೆ ಲಕ್ಷ ಸಿಗುತ್ತದೆಯೇ?

ಪ್ರಶ್ನೆ: ಬದಿಯಡ್ಕ ಪೇಟೆಯಲ್ಲಿ ಸಾಮಾನು ತೆಗೊಂಡಾಗ ಚಿಲ್ಲರೆಯಲ್ಲಿ ಹಳೆಯ ದಪ್ಪ 5 ರೂಪಾಯಿ ನಾಣ್ಯ ಬಂತು. ಎರಡೂ ಕಡೆ ಸಿಂಹವೇ ಇದೆ. ವಾಟ್ಸಾಪಿನಲ್ಲಿ ಒಬ್ಬರು 5 ಲಕ್ಷ ಕೊಡುತ್ತೇನೆ, ಮೊದಲು 2,000 ರೂಪಾಯಿ ನೋಂದಣಿ ಶುಲ್ಕ ಕಳಿಸಿ ಅನ್ನುತ್ತಿದ್ದಾರೆ. ಕಳಿಸಲೇ?

ಉತ್ತರ: ಬೇಡವೇ ಬೇಡ. ಕೊಳ್ಳುವವರು ದುಡ್ಡು ಕೊಡಬೇಕು, ಕೇಳುವುದಲ್ಲ ಅಲ್ವಾ? ರಿಸರ್ವ್ ಬ್ಯಾಂಕ್ ಹೆಸರಿನ ಕಾಗದ ತೋರಿಸಿದರೂ ನಂಬಬೇಡಿ. ಇಂಥ ವ್ಯವಹಾರಕ್ಕೆ ತಾನು ಶುಲ್ಕ ಕೇಳುವುದಿಲ್ಲ, ಬೇರೆ ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು ಬ್ಯಾಂಕೇ 2021ರ ಆಗಸ್ಟಿನಲ್ಲಿ ಹೇಳಿದೆ. ಆಗಲೇ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಾಗಂತ ನಾಣ್ಯವನ್ನು ಬಸ್ಸಿಗೆ ಕೊಟ್ಟುಬಿಡಬೇಡಿ. ಅದು ಟಂಕಸಾಲೆಯಲ್ಲೇ ಆದ ತಪ್ಪು ಇರಬಹುದು. ಒತ್ತಿದ ನಾಣ್ಯ ಕೆಲವೊಮ್ಮೆ ಅಚ್ಚಿಗೇ ಅಂಟಿಕೊಳ್ಳುತ್ತದೆ, ಆಗ ಮುಂದೆ ಬರುವ ಖಾಲಿ ಲೋಹದ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯವೇ ಒತ್ತುತ್ತದೆ. ಹೀಗಾಗಿ ಒಂದು ಕಡೆ ಸಿಂಹ ಉಬ್ಬಿರುತ್ತದೆ, ಇನ್ನೊಂದು ಕಡೆ ಅದೇ ಸಿಂಹ ತಗ್ಗಿನಲ್ಲಿ, ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಸಂಗ್ರಹಕಾರರು ಇದನ್ನು ಲಖಿ ಅನ್ನುತ್ತಾರೆ. ನಿಮ್ಮದರಲ್ಲಿ ಇಸವಿಯೂ ಇರಬಾರದು. ಈ ನಾಣ್ಯದಲ್ಲಿ ಇಸವಿ, ಅದರ ಕೆಳಗಿನ ಟಂಕಸಾಲೆ ಗುರುತು (ಮುಂಬೈಗೆ ವಜ್ರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ) ಎರಡೂ 5 ಎಂದು ಬರೆದ ಮುಖದಲ್ಲೇ ಇರುತ್ತವೆ.

ಎರಡೂ ಕಡೆ ಸಿಂಹ ಉಬ್ಬಿದ್ದರೆ ಅನುಮಾನ ಪಡಿ. ಜಾದೂಗಾರರಿಗಾಗಿ ಎರಡು ನಾಣ್ಯ ಕೊರೆದು ಜೋಡಿಸುವುದುಂಟು. ಅಂಚಿನ ಒಳಮಗ್ಗುಲಲ್ಲಿ ಉಗುರು ಆಡಿಸಿ ನೋಡಿ, ಜೋಡಣೆಯ ಗೆರೆ ಸಿಕ್ಕಬಹುದು. ಚಿನ್ನದಂಗಡಿಯ ತಕ್ಕಡಿಯಲ್ಲಿ ಸುಮಾರು 9 ಗ್ರಾಂ ಬರಬೇಕು, ಆದರೆ ತೂಕ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತಲ್ಲ. ತಗ್ಗಿನ ಸಿಂಹದಲ್ಲೂ ಮೋಸ ಇದೆ, ಎರಡು ನಾಣ್ಯಗಳನ್ನು ಒಟ್ಟಿಗಿಟ್ಟು ವೈಸಿನಲ್ಲಿ (ವರ್ಕ್‌ಶಾಪಿನಲ್ಲಿ ಬಿಗಿಹಿಡಿಯುವ ಕಬ್ಬಿಣದ ಇಕ್ಕಳ) ಬಿಗಿದರೂ ಹಾಗೇ ಮೂಡುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸಿಂಹದ ಅಡಿಯಲ್ಲಿ ಚಪ್ಪಟೆಯಾದ 5ರ ಕುರುಹು ಕಂಡರೆ ಅದು ಟಂಕಸಾಲೆಯದ್ದಲ್ಲ.

ಬೆಲೆ? ಸಿಂಹ ಪೂರ್ತಿ ಮೂಡಿದೆಯೋ ಅರ್ಧವೋ, ಸವೆತ ಎಷ್ಟು, ಇದರ ಮೇಲೆ ನಿಂತಿದೆ. ಈ ಕಾಲದ ಲಖಿಗಳದ್ದು ಸಾಮಾನ್ಯವಾಗಿ ನೂರು, ಸಾವಿರದ ಲೆಕ್ಕ, ಲಕ್ಷದ್ದಲ್ಲ. ಆನ್‌ಲೈನಿನಲ್ಲಿ ಮಾರುವವರು ಹೇಳಿದ ರೇಟು ಬಿಟ್ಟು, ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ರೇಟು ನೋಡಿ. ಹುಣಸೆಹುಳಿ ಹಾಕಿ ತಿಕ್ಕಬೇಡಿ ದಯವಿಟ್ಟು, ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ. ಮಂಗಳೂರು ಕಡೆ ನಾಣ್ಯ ಪ್ರದರ್ಶನ ಇದ್ದಾಗ ಒಯ್ದು ಇಬ್ಬರು ಮೂವರು ವ್ಯಾಪಾರಿಗಳಿಗೆ ಬೇರೆ ಬೇರೆಯಾಗಿ ತೋರಿಸಿ. ಅಂಚು ಹಿಡಿದು ತೋರಿಸಿ, ಮುಖ ಮುಟ್ಟಲು ಬಿಡಬೇಡಿ.